ಹೊಳೆಮತ್ತಿಯ ಬೇರಿನಲ್ಲಿ

ಆ ಹೊಳೆಮತ್ತಿ ಮರ ಬಿದ್ದದ್ದು 2019ರ ಆಗಸ್ಟಿನಲ್ಲಿ. ತುಂಗೆ ಶಿವಮೊಗ್ಗದ ಬಡಾವಣೆಗಳಿಗೇ ನುಗ್ಗಿದ ವರ್ಷ ಅದು. ಜನ ಹಾಸಿಗೆ, ಪಾತ್ರೆ, ಮಕ್ಕಳ ಪುಸ್ತಕಗಳನ್ನು ತಲೆಯ ಮೇಲೆ ಹೊತ್ತುಕೊಂಡು ಗಂಜಿ ಕೇಂದ್ರಗಳ ಕಡೆ ನಡೆದ ವಾರ. ಮನೆ ಕಳೆದುಕೊಂಡವರ ನಡುವೆ ಮರವೊಂದರ ಸುದ್ದಿ ಎತ್ತುವುದು ಸಲ್ಲದೆಂದು ಆಗ ಸುಮ್ಮನಿದ್ದೆ. ನೀರು ಇಳಿದ ಮೇಲೆ ಹೋಗಿ ನೋಡಿದರೆ, ಮರವಿದ್ದ ಕಡೆ ಎತ್ತಿನಗಾಡಿ ಹಿಡಿಸುವಷ್ಟು ದೊಡ್ಡ ಗುಂಡಿ ಬಿದ್ದಿತ್ತು. ಗುಂಡಿಯ ತಳದಲ್ಲಿ ಕೆಂಪು ನೀರು ನಿಂತು, ಅದರಲ್ಲಿ ಆಕಾಶ ಅಲುಗಾಡದೆ ಮಲಗಿತ್ತು. ಇಷ್ಟು ವರ್ಷಗಳ ಮೇಲೆ ಈಗ ಅದನ್ನು ಬರೆಯಬಹುದು ಅನ್ನಿಸುತ್ತಿದೆ. ಮನೆಗಳು ಮತ್ತೆ ಎದ್ದಿವೆ, ಗೋಡೆಗಳ ಮೇಲಿನ ನೀರಿನ ಗೆರೆಗೆ ಸುಣ್ಣ ಬಳಿದಾಗಿದೆ. ಮರ ಮಾತ್ರ ಏಳಲಿಲ್ಲ. ಅದು ಏಕೆ ಏಳಲಿಲ್ಲ ಎಂಬ ಪ್ರಶ್ನೆಯೇ ನನ್ನನ್ನು ಇಲ್ಲಿಗೆ ತಂದಿದೆ.

ನಗರಕ್ಕೆ ತುಸು ಮೇಲೆ, ಗಾಜನೂರಿನ ಕಡೆಯಿಂದ ಬಂದ ನೀರು ಬಂಡೆಗಳ ನಡುವೆ ಕವಲೊಡೆದು ಮತ್ತೆ ಕೂಡಿಕೊಳ್ಳುವ ತಿರುವೊಂದರಲ್ಲಿ ಅದು ನಿಂತಿತ್ತು. ಬೂದುಬಿಳುಪಿನ ನುಣುಪು ಕಾಂಡ. ಅರ್ಧ ಭಾರ ನೆಲದ ಮೇಲೆ, ಅರ್ಧ ಭಾರ ನೀರಿನ ಮೇಲೆ. ಮಳೆಗಾಲದ ನೀರು ವರ್ಷವರ್ಷವೂ ಬುಡದ ಮಣ್ಣನ್ನು ಕೊರೆದು ಕೊರೆದು, ಕೊನೆಗೆ ಅಲ್ಲಿ ಬೇರುಗಳದೊಂದು ಜಾಲರಿ ಉಳಿದಿತ್ತು, ಜಾಲರಿಯ ಹಿಂದೆ ಕತ್ತಲೆ. ಆ ಕತ್ತಲೆಯಲ್ಲಿ ನೀರುನಾಯಿಗಳ ಸಂಸಾರವಿದೆಯೆಂದು ನನಗೆ ಮೊದಲು ಹೇಳಿದ್ದು ನನ್ನ ಮೂಗು. ಹತ್ತು ಮಾರು ದೂರದ ಚಪ್ಪಟೆ ಬಂಡೆಯೊಂದರಿಂದ ಮೀನು ಮಾರುಕಟ್ಟೆಯ ಸಂಜೆಯ ವಾಸನೆ ಬರುತ್ತಿತ್ತು. ಹತ್ತಿರ ಹೋದರೆ ಬಂಡೆಯ ತುಂಬ ಹಿಕ್ಕೆ. ಹಸಿಯದು ಕಪ್ಪಗೆ ಅಂಟಾಗಿತ್ತು, ಒಣಗಿದ್ದು ಒಲೆಯ ಬೂದಿಯಂತೆ ಹಗುರಾಗಿತ್ತು. ಕಡ್ಡಿಯಿಂದ ಕೆದಕಿದೆ. ಮೀನಿನ ಹುರುಪೆಗಳು ಕಾಗೆಬಂಗಾರದ ಚೂರುಗಳ ಹಾಗೆ ಮಿನುಗಿದವು. ಸೂಜಿಯಂಥ ಮುಳ್ಳುಗಳು, ಏಡಿಯ ಕಾಲಿನದೊಂದು ತುಣುಕು. ಒಂದು ಹೊಳೆಯ ಇಡೀ ಲೆಕ್ಕಪತ್ರ ಅಂಗೈಯಗಲದಲ್ಲಿ ಬಿಡಿಸಿಟ್ಟ ಹಾಗಿತ್ತು.

ನೀರುನಾಯಿಗಳು ಮತ್ತೆ ಮತ್ತೆ ಅದೇ ಬಂಡೆಗೆ ಬಂದು ಹಿಕ್ಕೆ ಹಾಕುತ್ತವೆ. ಅದು ಅವುಗಳ ಸಹಿ. ಇಲ್ಲಿ ನಾವಿದ್ದೇವೆ, ಇಷ್ಟು ಜನ ಇದ್ದೇವೆ, ನಿನ್ನೆಯೂ ಇದ್ದೆವು ಎಂದು ಬೇರೆ ಗುಂಪಿನವುಗಳಿಗೆ ಮೂಗಿನ ಮೂಲಕ ತಿಳಿಸುವ ಕ್ರಮ. ಬಿಸಿಲು ಆ ಸಹಿಯನ್ನು ಒಣಗಿಸುತ್ತದೆ, ಮಳೆ ತೊಳೆಯುತ್ತದೆ. ಅವು ಮತ್ತೆ ಬರುತ್ತವೆ, ಮತ್ತೆ ಬರೆಯುತ್ತವೆ. ನಾವು ಹಕ್ಕನ್ನು ಕಲ್ಲಿನಲ್ಲಿ ಕೆತ್ತಿಸುತ್ತೇವೆ, ಕೆತ್ತಿಸಿ ಮನೆಗೆ ಹೋಗುತ್ತೇವೆ. ಅವು ಹಕ್ಕನ್ನು ಬಂಡೆಯ ಮೇಲಿಟ್ಟು ದಿನ ದಿನವೂ ಬಂದು ಹೊಸದು ಮಾಡುತ್ತವೆ. ಈ ಎರಡರಲ್ಲಿ ಯಾವುದು ಹೆಚ್ಚು ಬಾಳುತ್ತದೆಂದು ಕೇಳಿದರೆ ಹತ್ತು ವರ್ಷಗಳ ಹಿಂದೆ ನಾನು ಯೋಚಿಸದೆ ಉತ್ತರ ಹೇಳುತ್ತಿದ್ದೆ. ಈಗ ತಡವರಿಸುತ್ತೇನೆ.

ಅವನ್ನು ಕಣ್ಣಾರೆ ಕಂಡದ್ದು ಒಂದು ಜನವರಿಯ ಬೆಳಗಿನಲ್ಲಿ. ಮಂಜು ನೀರಿನ ಮೇಲೆ ಮೊಳದೆತ್ತರ ನಿಂತಿತ್ತು. ಆಚೆ ದಡದಲ್ಲಿ ಊರು ಆಗಲೇ ಎದ್ದಿತ್ತು. ಹಾಲಿನ ವ್ಯಾನು, ಮಸೀದಿಯ ಬಾಂಗು, ಯಾರದೋ ಮನೆಯ ಸುಪ್ರಭಾತ. ಮೊದಲು ಒಂದು ಸಿಳ್ಳು ಕೇಳಿಸಿತು, ಹಕ್ಕಿಯ ಸಿಳ್ಳಿಗಿಂತ ತೆಳ್ಳಗೆ, ತುಸು ದೂರಿನ ದನಿಯಲ್ಲಿ. ಬೇರಿನ ಜಾಲರಿಯೊಳಗಿಂದ ಒಂದು ಚಪ್ಪಟೆ ತಲೆ, ಅದರ ಹಿಂದೆ ಮತ್ತೊಂದು. ಆಮೇಲೆ ಮೂರು ಮರಿಗಳು. ಮರಿಗಳು ನೀರಿನ ಅಂಚಿನವರೆಗೆ ಬಂದು ನಿಂತವು, ಮುಂದೆ ಬರಲೊಲ್ಲವು. ನೀರಿನಲ್ಲೇ ಬಾಳು ಕಳೆಯುವ ಪ್ರಾಣಿಗೆ ಹುಟ್ಟುತ್ತಲೇ ಈಜು ಬರುವುದಿಲ್ಲ, ಕಲಿಸಬೇಕಾಗುತ್ತದೆ ಎಂದು ಓದಿ ತಿಳಿದಿದ್ದೆ. ನೋಡುವುದು ಬೇರೆ. ತಾಯಿ ಒಂದರ ಕತ್ತಿನ ಹಿಂಬದಿಯನ್ನು ಬಾಯಲ್ಲಿ ಹಿಡಿದು ನೀರಿಗೆಳೆಯಿತು. ಮರಿ ಅತ್ತಿತು, ನಮ್ಮ ಮಕ್ಕಳು ಮೊದಲ ದಿನ ಶಾಲೆಯ ಬಾಗಿಲಲ್ಲಿ ಅಳುವ ಹಾಗೆಯೇ. ತಾಯಿ ಬಿಟ್ಟಿತು, ಅದು ಮುಳುಗಿತು, ಎದ್ದಿತು, ಮತ್ತೆ ಮುಳುಗಿತು. ನಾಲ್ಕನೆಯ ಸಲ ಎದ್ದಾಗ ಅಳು ನಿಂತಿತ್ತು. ಅಷ್ಟರಲ್ಲಿ ದೊಡ್ಡದೊಂದು ಮೀನು ಹಿಡಿದು ತಂದು, ಎರಡು ಮುಂಗೈಗಳಲ್ಲಿ ಒತ್ತಿಕೊಂಡು ತಲೆಯ ಕಡೆಯಿಂದ ಕಡಿಯತೊಡಗಿತು. ಎಲುಬು ಪುಡಿಯಾಗುವ ಸದ್ದು ನೀರಿನ ಮೇಲೆ ಹಾದು ನಾನಿದ್ದ ಪೊದೆಯವರೆಗೆ ಬಂತು. ತಿಂದಾದ ಮೇಲೆ ಎಲ್ಲವೂ ಪಕ್ಕದ ಮರಳಿನ ದಿಣ್ಣೆಗೆ ಹತ್ತಿ, ಮೈಯ ನೀರು ಇಂಗುವವರೆಗೂ ಹೊರಳಾಡಿದವು. ಮರಳೇ ಅವುಗಳ ಟವೆಲು. ನದಿಯ ಮರಳು ಬರಿದಾದಾಗ ಮನೆ ಕಟ್ಟುವವರಿಗಷ್ಟೇ ಕಷ್ಟವೆಂದು ತಿಳಿದಿದ್ದ ನನಗೆ ಆ ಹೊರಳಾಟ ಬೇರೆಯೇ ಒಂದು ಪಾಠವಾಯಿತು.

ನಗರದ ನಡುವೆ ಇಂಥದ್ದು ನಡೆಯುತ್ತದೆಯೇ ಎಂದು ಕೇಳುವವರಿದ್ದಾರೆ. ನಡೆಯುತ್ತದೆ. ಹಳೆಯ ಸೇತುವೆಯ ಮೇಲೆ ಐದು ನಿಮಿಷ ನಿಂತವರಿಗೆ ಗೊತ್ತು. ಕಪ್ಪುಬಿಳಿ ಮಿಂಚುಳ್ಳಿ ಗಾಳಿಯಲ್ಲಿ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು ಕಲ್ಲಿನಂತೆ ನೀರಿಗೆ ಬೀಳುತ್ತದೆ. ನೀರುಕಾಗೆಗಳು ಬಂಡೆಯ ಮೇಲೆ ರೆಕ್ಕೆ ಒಣಗಿಸುತ್ತ ಕೂತಿರುತ್ತವೆ. ಹಾವಕ್ಕಿಯ ಕತ್ತು ನೀರಿನಿಂದ ಹಾವಿನಂತೆಯೇ ಏಳುತ್ತದೆ. ಇಲ್ಲಿಂದ ತೀರ್ಥಹಳ್ಳಿ ರಸ್ತೆಯಲ್ಲಿ 30 ಕಿ.ಮೀ. ಹೋದರೆ ಮಂಡಗದ್ದೆ, ತುಂಗೆಯ ನಡುವಿನ ಪುಟ್ಟ ದ್ವೀಪದ ಮರಗಳಲ್ಲಿ ಮಳೆಗಾಲಕ್ಕೆ ಸಾವಿರಾರು ಹಕ್ಕಿಗಳ ಗೂಡು. ಹೊಳೆ ಉಕ್ಕಿದಾಗ ದ್ವೀಪ ಮುಳುಗುತ್ತದೆ, ಮರಗಳ ತಲೆ ಮಾತ್ರ ಕಾಣುತ್ತದೆ, ಆ ತಲೆಗಳ ಮೇಲೆಯೇ ಮರಿಗಳು ಬೆಳೆಯುತ್ತವೆ. ನೆಲ ಮುಳುಗುವ ಕಾಲವನ್ನೇ ಸಂಸಾರಕ್ಕೆ ಆರಿಸಿಕೊಂಡ ಆ ಹಕ್ಕಿಗಳ ಧೈರ್ಯವನ್ನು ನೆನೆದಾಗಲೆಲ್ಲ ನಮ್ಮ ಭದ್ರತೆಯ ಕಲ್ಪನೆ ಎಷ್ಟು ಇಕ್ಕಟ್ಟಿನದು ಅನ್ನಿಸುತ್ತದೆ.

ನಾನು ಹುಟ್ಟಿ ಬೆಳೆದದ್ದು ತುಂಗೆಯ ದಡದಲ್ಲಲ್ಲ, ಭದ್ರೆಯ ದಡದಲ್ಲಿ. ಬೆಂಕಿಪುರ ಎಂಬ ಹಳೆಯ ಹೆಸರಿನ ಭದ್ರಾವತಿಯಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ. ಸರ್ ಎಂ. ವಿಶ್ವೇಶ್ವರಯ್ಯನವರ ಕನಸಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರೆಯ ನೀರು. ಈ ಮೂರೂ ಕೂಡಿ ಒಂದು ಊರಾಯಿತು. ಅಪ್ಪ ಊದುಕುಲುಮೆಯ ಕೆಲಸದವರು. ಕುಲುಮೆಯನ್ನು ಸುಮ್ಮನೆ ಆರಿಸುವ ಹಾಗಿಲ್ಲವೆಂದು ನಮಗೆ ವಿವರಿಸುತ್ತಿದ್ದರು. ಆರಿದರೆ ಒಳಗೆ ಕರಗಿದ ಕಬ್ಬಿಣ ಹೆಪ್ಪುಗಟ್ಟಿ ಕುಲುಮೆಯೇ ಕೈಬಿಟ್ಟುಹೋಗುತ್ತದೆ. ಆದ್ದರಿಂದ ಯುಗಾದಿಗೂ ದೀಪಾವಳಿಗೂ ಯಾರಾದರೂ ಅದರ ಮುಂದೆ ಇರಲೇಬೇಕು. ನಮ್ಮ ಮನೆಯ ದೇವರ ದೀಪ ಎಷ್ಟೋ ಸಲ ಆರಿತ್ತು, ಕುಲುಮೆ ಆರುವುದನ್ನು ನಾವು ಊಹಿಸಿಯೂ ಇರಲಿಲ್ಲ. ನಿತ್ಯ ಎಂಬ ಮಾತಿಗೆ ನನ್ನ ಬಾಲ್ಯದಲ್ಲಿ ಅರ್ಥವೇನಾದರೂ ಇದ್ದರೆ ಅದು ಆ ಬೆಂಕಿ.

ಒಂದು ರಾತ್ರಿ ಅಪ್ಪ ನನ್ನನ್ನು ಹೊಳೆಯ ದಂಡೆಗೆ ಕರೆದುಕೊಂಡು ಹೋಗಿದ್ದರು. ದೂರದಲ್ಲಿ ಕಿಟ್ಟ ಸುರಿದಾಗ ಆಕಾಶ ಕೆಂಪಾಗುತ್ತಿತ್ತು, ಆಕಾಶ ಕೆಂಪಾದಾಗ ಹೊಳೆಯೂ ಕೆಂಪಾಗುತ್ತಿತ್ತು. ಆ ಕೆಂಪು ನೀರಿನ ಮೇಲೆ ಒಂದು ಕರಿಯ ಗೆರೆ ಎಳೆದಂತೆ ಏನೋ ಹಾದುಹೋಯಿತು.

"ಮಾತಾಡ್ಬೇಡ ಪುಟ್ಟಿ, ನೀರ್ನಾಯಿ," ಅಂದರು ಅಪ್ಪ, ಪಿಸುದನಿಯಲ್ಲಿ.

"ಅದರ ಮನೆ ಎಲ್ಲಪ್ಪಾ?"

"ದಂಡೆ ಒಳಗೆ. ಬಾಗಿಲು ಮಾತ್ರ ನೀರಲ್ಲಿ ಇಟ್ಕೊಂಡಿರುತ್ತೆ. ಕಳ್ಳರು ಬರಬಾರದು ಅಂತ."

ಬಾಗಿಲನ್ನು ನೀರಿನಲ್ಲಿ ಇಟ್ಟುಕೊಳ್ಳುವ ಮನೆಯನ್ನು ಕುರಿತು ಆ ರಾತ್ರಿಯೆಲ್ಲ ಯೋಚಿಸಿದ್ದು ಇಂದಿಗೂ ನೆನಪಿದೆ. ಆ ಪ್ರಾಣಿಯ ಬಾಳು ಕ್ಷಣದ್ದು, ನಮ್ಮ ಕುಲುಮೆ ಶಾಶ್ವತ ಎಂಬ ಲೆಕ್ಕವೂ ಮನಸ್ಸಿನಲ್ಲಿ ಎಲ್ಲೋ ಆಗಿಹೋಗಿತ್ತು.

ಲೆಕ್ಕ ತಲೆಕೆಳಗಾಗಲು ಒಂದು ಜೀವಮಾನವೂ ಬೇಕಾಗಲಿಲ್ಲ. 1936ರಲ್ಲಿ ಸ್ಥಾಪನೆಯಾಗಿ ನಾಡಿನ ಎಷ್ಟೋ ಪತ್ರಿಕೆಗಳಿಗೆ ಕಾಗದ ಕೊಟ್ಟ ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು 2015ರ ಹೊತ್ತಿಗೆ ನಿಂತವು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ, ಅದು ಉತ್ಪಾದನೆಗಿಳಿದು ನೂರು ವರ್ಷ ತುಂಬುವ ಹೊತ್ತಿಗೆ ಬಂತು; ಆಮೇಲೆ ಹೋರಾಟ, ಮತ್ತೆ ತೆರೆಯುವ ಮಾತು, ಮತ್ತೆ ಕಾಯುವಿಕೆ. ಕ್ವಾರ್ಟರ್ಸುಗಳ ಗೋಡೆಯ ಬಿರುಕಿನಲ್ಲಿ ಅರಳಿಯ ಸಸಿ ಎದ್ದಿದೆ. ಸೈರನ್ನಿನ ಹೊತ್ತಿಗೆ ಅನ್ನಕ್ಕೆ ಇಡುತ್ತಿದ್ದ ಹೆಂಗಸರು ಈಗ ಗಡಿಯಾರ ನೋಡುತ್ತಾರೆ. ಚಿಮಣಿ ಆರಿದ್ದರಿಂದ ಹೊಳೆಗೆ ಒಳ್ಳೆಯದಾಯಿತಲ್ಲ ಎಂದು ಪರಿಸರದ ಕಾಳಜಿಯಿರುವ ಗೆಳೆಯರು ಹೇಳಿದಾಗ ನನಗೆ ಗಂಟಲು ಕಟ್ಟುತ್ತದೆ. ಸಾವಿರಾರು ಮನೆಗಳ ಅನ್ನ ಆರಿದ ಸಂಗತಿಯನ್ನು ನದಿಯ ಲಾಭದ ಕಡೆ ಬರೆದುಕೊಳ್ಳಲು ನನ್ನಿಂದಾಗದು. ಊರ ಚರಂಡಿಗಳು ಹೊಳೆಗೆ ಇಳಿಯುವುದು ಹೇಗೂ ನಿಂತಿಲ್ಲ. ಆದರೂ ಒಂದು ಮಾತನ್ನು ಮುಚ್ಚಿಡಲಾರೆ: ಮೊನ್ನೆಯ ಬೇಸಿಗೆಯಲ್ಲಿ ಭದ್ರೆಯ ಒಂದು ಬಂಡೆಯ ಮೇಲೆ ಹಸಿ ಹಿಕ್ಕೆ ಕಂಡಾಗ ನನ್ನ ಕಣ್ಣು ತುಂಬಿತು. ಅಪ್ಪನ ಬೆಂಕಿ ಆರಿದೆ. ಅಪ್ಪ ತೋರಿಸಿದ ಕರಿಯ ಗೆರೆ ಇನ್ನೂ ಹರಿಯುತ್ತಿದೆ. ಒಂದಕ್ಕೆ ಅಳಬೇಕೋ ಇನ್ನೊಂದಕ್ಕೆ ನಗಬೇಕೋ ತಿಳಿಯದೆ ಆ ಬಂಡೆಯ ಪಕ್ಕದಲ್ಲಿ ಬಹಳ ಹೊತ್ತು ಕೂತಿದ್ದೆ.

ಎಲ್ಲವೂ ಅನಿತ್ಯವೆಂಬುದು ಈ ನೆಲಕ್ಕೆ ಹೊಸ ಮಾತಲ್ಲ. ಇದೇ ಜಿಲ್ಲೆಯ ಬಳ್ಳಿಗಾವೆಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಬೌದ್ಧ ವಿಹಾರವಿತ್ತು, ತಾರಾ ಭಗವತಿಯ ಪೂಜೆ ನಡೆಯುತ್ತಿತ್ತು. ಶಾಸನಗಳು ಹಾಗೆ ಹೇಳುತ್ತವೆ. ಶೂನ್ಯವನ್ನು ನುಡಿದ ಅಲ್ಲಮಪ್ರಭು ಹುಟ್ಟಿದ್ದೂ ಅಲ್ಲಿಯೇ ಎಂಬುದು ಪರಂಪರೆಯ ನಂಬಿಕೆ. ಜೈನರ ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದೇ ಅನಿತ್ಯಾನುಪ್ರೇಕ್ಷೆ: ದೇಹ, ಸಿರಿ, ಬಂಧು, ಯೌವನ ಯಾವುದೂ ನಿಲ್ಲದೆಂದು ಮತ್ತೆ ಮತ್ತೆ ನೆನೆಯುವುದು. ವಿಹಾರ ಹೋಯಿತು, ಆ ವಿಚಾರ ಉಳಿಯಿತು. ಸಾವಿನ ಮನೆಯಲ್ಲಿ ನಾವೂ ಅದನ್ನೇ ಹೇಳುತ್ತೇವೆ, ಬಂದವರೆಲ್ಲ ಹೋಗಲೇಬೇಕಲ್ಲ ಅನ್ನುತ್ತೇವೆ. ಅದರಿಂದ ಅಳುವವರಿಗೆ ಸ್ವಲ್ಪ ಆಸರೆ ಸಿಗುವುದೂ ಉಂಟು.

ಆದರೆ ಈ ಆಸರೆಯ ಮಾತನ್ನೇ ನಾವು ಬೇರೆ ಕಡೆಯಲ್ಲೂ ಬಳಸತೊಡಗಿದ್ದೇವೆ, ಅಲ್ಲಿ ಅದು ನನಗೆ ನೋವು ತರುತ್ತದೆ. ಮರ ಬಿದ್ದ ಮಾರನೆಯ ವರ್ಷ ಒಬ್ಬರ ಹತ್ತಿರ ಹೇಳಿಕೊಂಡಾಗ, ಮರ ಅಂದ ಮೇಲೆ ಒಂದು ದಿನ ಬೀಳಲೇಬೇಕಲ್ಲವೇ ಎಂದು ಅವರು ಸಮಾಧಾನ ಹೇಳಿದರು. ನಿಜ, ಮರ ಬೀಳಬೇಕು. ಹೊಳೆಯ ದಂಡೆಯ ಮರವಂತೂ ಬೀಳಲಿಕ್ಕೇ ಹುಟ್ಟಿದ್ದು. ಪ್ರವಾಹ ಒಂದು ಕಡೆ ದಂಡೆ ಕೊರೆದು ಮರ ಉರುಳಿಸುತ್ತದೆ, ಇನ್ನೊಂದು ಕಡೆ ಮರಳೂ ಮೆಕ್ಕಲೂ ತಂದು ಹೊಸ ದಂಡೆ ಹಾಕುತ್ತದೆ. ಆ ಹಸಿ ಮೆಕ್ಕಲಿನಲ್ಲಿ ಹೊಳೆಮತ್ತಿಯ ರೆಕ್ಕೆಕಾಯಿಗಳು ಬಂದು ಸಿಕ್ಕಿಕೊಳ್ಳುತ್ತವೆ, ಲಕ್ಕಿ ಗಿಡ ಚಿಗುರುತ್ತದೆ, ಹತ್ತಾರು ಮಳೆಗಾಲಗಳಲ್ಲಿ ಇನ್ನೊಂದು ಬೇರಿನ ಜಾಲರಿ ತಯಾರಾಗುತ್ತದೆ. ಬಿದ್ದ ಮರವೇ ನೀರಿನಲ್ಲಿ ಅಡ್ಡ ಮಲಗಿ ಮೀನುಗಳಿಗೆ ನೆರಳಾಗುತ್ತದೆ. ನಾನು ನೋಡಿದ ಆ ಗುಂಡಿಯೂ ಹಾಗೆ ತುಂಬಿಕೊಳ್ಳಬೇಕಿತ್ತು. ತುಂಬಿಕೊಳ್ಳಲು ಶುರುವೂ ಆಗಿತ್ತು. ಎರಡನೆಯ ವರ್ಷ ಅಲ್ಲಿ ಮೊಣಕಾಲೆತ್ತರದ ನಾಲ್ಕು ಸಸಿಗಳನ್ನು ಎಣಿಸಿದ್ದೆ. ಮೂರನೆಯ ವರ್ಷ ಹೋದಾಗ ದಂಡೆಗೆ ಕಲ್ಲು ಜೋಡಿಸಿ ಕಾಂಕ್ರೀಟು ಹಾಕಿತ್ತು. ಮತ್ತೆ ಪ್ರವಾಹ ಬಂದರೆ ದಂಡೆ ಕೊರೆಯಬಾರದೆಂಬ ಒಳ್ಳೆಯ ಉದ್ದೇಶದಿಂದಲೇ ಹಾಕಿದ್ದು. ಮನೆಯೊಳಗೆ ನೀರು ಬಂದವರ ಭಯ ನನಗೆ ಗೊತ್ತಿದೆ, ಅದನ್ನು ಹಗುರವಾಗಿ ಕಾಣಲಾರೆ. ಕಾಂಕ್ರೀಟಿನ ಮೇಲೆ ಸಸಿ ಏಳಲಿಲ್ಲ, ಅಷ್ಟೆ.

ಅಂದಿನಿಂದ ನನ್ನ ಮನಸ್ಸಿನಲ್ಲಿ ಅನಿತ್ಯ ಎಂಬ ಒಂದೇ ಪದ ಎರಡಾಗಿ ಸೀಳಿಕೊಂಡಿದೆ. ಹೊಳೆ ಕಳೆಯುವುದು ಒಂದು ಬಗೆ: ಕಳೆದ ಜಾಗವನ್ನು ಅದು ತೆರೆದೇ ಇಡುತ್ತದೆ. ನಾವು ಕಳೆಯುವುದು ಇನ್ನೊಂದು ಬಗೆ: ಕಳೆದ ಮೇಲೆ ಆ ಜಾಗವನ್ನೂ ಮುಚ್ಚುತ್ತೇವೆ. ಮರವನ್ನು ಒಯ್ದದ್ದು ಪ್ರವಾಹ. ಮರ ಮತ್ತೆ ಹುಟ್ಟುವ ಸಾಧ್ಯತೆಯನ್ನು ಒಯ್ದದ್ದು, ಏನೂ ಬದಲಾಗಬಾರದೆಂಬ ನಮ್ಮ ಆಸೆ. ಹಾಗಾದರೆ ನಾನು ದುಃಖಿಸುತ್ತಿರುವುದು ಯಾವುದಕ್ಕೆ? ಲೋಕ ಅನಿತ್ಯವೆಂಬುದಕ್ಕೋ, ಅಥವಾ ಲೋಕದ ಅನಿತ್ಯತೆಯನ್ನೇ ನಾವು ಕಿತ್ತುಕೊಳ್ಳುತ್ತಿದ್ದೇವೆ ಎಂಬುದಕ್ಕೋ? ಬಹುಕಾಲ ಮೊದಲನೆಯದಕ್ಕೆಂದು ತಿಳಿದಿದ್ದೆ. ಈಗ ಎರಡನೆಯದರ ಕಡೆಗೇ ಮನಸ್ಸು ವಾಲುತ್ತದೆ.

ಕೋರ್ಪಲಯ್ಯನ ಛತ್ರದ ಹತ್ತಿರ ಹೊಳೆಯಲ್ಲೊಂದು ಕಲ್ಲಿನ ಮಂಟಪವಿದೆ. ಶಿವಮೊಗ್ಗದವರಿಗೆ ಅದು ಮಳೆಗಾಲದ ಅಳತೆಗೋಲು. ಜುಲೈ ಬಂತೆಂದರೆ ಹಾಲಿನ ಅಂಗಡಿಯಲ್ಲೂ ಬಸ್ಸಿನಲ್ಲೂ ಕೇಳುವ ಪ್ರಶ್ನೆ ಒಂದೇ: ಮಂಟಪ ಮುಳುಗಿತಾ? ಮುಳುಗಿತೆಂಬ ಸುದ್ದಿ ಬಂದರೆ ಜನ ಕೊಡೆ ಹಿಡಿದು ನೋಡಲು ಬರುತ್ತಾರೆ, ತುಂಬಿದ ಹೊಳೆಗೆ ಕೈಮುಗಿಯುತ್ತಾರೆ, ಬಾಗಿನ ಬಿಡುತ್ತಾರೆ. ಮುಳುಗಲಿಕ್ಕೇ ಅಲ್ಲಿದೆಯೇನೋ ಎಂಬಂತೆ ನಿಂತಿದೆ ಆ ಮಂಟಪ. ನೀರು ಮೇಲೆ ಬಂದರೆ ಒಳಗಿರುತ್ತದೆ, ನೀರು ಇಳಿದರೆ ಹೊರಗೆ ಬರುತ್ತದೆ. ಅದನ್ನು ಕಟ್ಟಿದವರು ಹೊಳೆಯನ್ನು ಆಚೆಗೆ ತಳ್ಳಲು ಕಟ್ಟಲಿಲ್ಲ, ಹೊಳೆಯ ಜೊತೆ ಇರಲು ಕಟ್ಟಿದರು. ಕಲ್ಲೆಲ್ಲ ಕೆಟ್ಟದ್ದೆಂದು ಹೇಳಲು ಹೊರಟಾಗಲೆಲ್ಲ ಈ ಮಂಟಪ ನನ್ನ ಬಾಯಿ ಕಟ್ಟುತ್ತದೆ.

ಬಲೆ ಬೀಸುವ ಹಿರಿಯರೊಬ್ಬರನ್ನು ಈ ದಂಡೆಯಲ್ಲಿ ಬಹಳ ವರ್ಷಗಳಿಂದ ಬಲ್ಲೆ. ಮರದ ಸುದ್ದಿ ಗೊತ್ತಿರುವ ಇನ್ನೊಬ್ಬರೆಂದರೆ ಅವರೇ. ಕಳೆದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ತೆಪ್ಪವನ್ನು ಬೋರಲು ಹಾಕಿ, ಅದಕ್ಕೊರಗಿ ಕೂತು ಹರಿದ ಬಲೆ ಹೆಣೆಯುತ್ತಿದ್ದರು. ಎಡಗಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿ ಬಿಗಿ ಹಿಡಿದಿದ್ದರು, ನೈಲಾನು ದಾರ ಬೆರಳುಗಳ ನಡುವೆ ಓಡುತ್ತಿತ್ತು.

"ಯಜಮಾನ್ರೇ, ಮೊಸಳೆಯೇನು?"

"ಮೊಸಳೆಯಾದ್ರೆ ಬಲೇನೇ ಇರ್ತಿರ್ಲಿಲ್ಲಮ್ಮಾ. ಇದು ಅವೇ. ನೀರ್ನಾಯಿ. ಮೀನು ತಿಂದು ಮುಳ್ಳು ನಂಗೆ ಬಿಟ್ಟು ಹೋಗಿದಾವೆ."

"ಕೋಪ ಬರಲ್ವಾ?"

ಅವರು ದಾರ ಹಲ್ಲಿನಲ್ಲಿ ಕಡಿದರು. "ಬರ್ತದೆ. ಬರ್ದೆ ಏನು? ಬಲೆಗೆ ದುಡ್ಡು ಕೊಟ್ಟಿರ್ತೀನಿ. ಆದ್ರೆ ಅವು ಇರೋ ಕಡೆ ಮೀನು ಇರ್ತದೆ. ಅವು ಬರ್ದೇ ಇದ್ದ ವರ್ಷ ನಾನೂ ಬರೋದು ಬಿಡ್ಬೇಕಾಗ್ತದೆ."

ಇದೇ ಜಾತಿಯ ನೀರುನಾಯಿಗಳನ್ನು ಬಾಂಗ್ಲಾದೇಶದ ನರೈಲ್ ಸೀಮೆಯ ಬೆಸ್ತರು ತಲೆಮಾರುಗಳಿಂದ ಪಳಗಿಸಿ, ಮೀನುಗಳನ್ನು ಬಲೆಯತ್ತ ಓಡಿಸಲು ಬಳಸುತ್ತ ಬಂದಿದ್ದರು. ಈಗ ಆ ಕಸುಬೇ ಕ್ಷೀಣಿಸುತ್ತಿದೆ. ಹೊಳೆಯಲ್ಲಿ ಮೀನು ಕಡಿಮೆಯಾದಾಗ ಮನುಷ್ಯನೂ ನೀರುನಾಯಿಯೂ ಒಟ್ಟಿಗೇ ದಂಡೆ ಬಿಡುತ್ತಾರೆ. ತನ್ನ ಬಲೆ ಹರಿದವರ ಮೇಲೆ ಕೋಪವನ್ನೂ ಅವರ ಇರವಿನ ಬಗ್ಗೆ ನೆಮ್ಮದಿಯನ್ನೂ ಒಂದೇ ಉಸಿರಿನಲ್ಲಿ ಹಿಡಿದಿಟ್ಟುಕೊಂಡ ಆ ಹಿರಿಯರ ಮಾತಿನ ಎದುರು, ಪುಸ್ತಕಗಳಿಂದ ನಾನು ಒಟ್ಟುಮಾಡಿದ ಕಾಳಜಿ ತೆಳುವಾಗಿ ಕಂಡಿತು. ಅವರು ನಷ್ಟವನ್ನು ಅಳೆಯುತ್ತಾರೆ, ಅಳೆದು ಹೆಣೆಯುತ್ತಾರೆ. ನೀರುನಾಯಿ ಬಂಡೆಗೆ ಮರಳಿ ಬರುವ ಹಾಗೆಯೇ ಅವರು ಬಲೆಗೆ ಮರಳಿ ಬರುತ್ತಾರೆ.

ತುಂಗಭದ್ರೆಯ ಮೇಲೆ, ಹಂಪಿಯ ಕಡೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ರಾಜ್ಯ ಸರ್ಕಾರ ಘೋಷಿಸಿತು. ನೀರುನಾಯಿಗಾಗಿಯೇ ಮೀಸಲಾದ ಇಂಥ ಪ್ರದೇಶ ದೇಶದಲ್ಲಿ ಅದೇ ಮೊದಲು. ಸುದ್ದಿ ಓದಿದ ದಿನ ನನಗಾದ ಸಂತೋಷ ದೊಡ್ಡದು. ಆದರೆ ಅಲ್ಲಿಗೆ ಹೋಗುವ ನೀರು ಇಲ್ಲಿಂದಲೇ ಹೋಗಬೇಕು. ಗಂಗಾ ಸ್ನಾನ, ತುಂಗಾ ಪಾನ ಎಂದು ಅಜ್ಜಿಯಂದಿರು ಹೇಳುತ್ತಿದ್ದ ನೀರನ್ನು ಇಂದು ಸೇತುವೆಯ ಕೆಳಗೆ ಬೊಗಸೆಯಲ್ಲಿ ಎತ್ತಿ ಕುಡಿಯುವವರು ಯಾರು? ಮಾತು ಉಳಿದಿದೆ, ಮಾತು ಹೊಗಳಿದ ರುಚಿ ಹೋಗುತ್ತಿದೆ. ವಸ್ತು ಕಳೆದ ಮೇಲೂ ನುಡಿಗಟ್ಟು ಬದುಕುವುದು ಭಾಷೆಗೆ ಬಂದ ವಿಚಿತ್ರ ಭಾಗ್ಯ, ಹೊಳೆಗೆ ಬಂದ ದುರ್ಭಾಗ್ಯ.

ಹೋದದ್ದೆಲ್ಲ ಹೋಗಿಯೇಬಿಟ್ಟಿತೆಂದು ಹೇಳಲೂ ನನಗೆ ಬಾಯಿ ಬರುವುದಿಲ್ಲ. ಸಿಂಗಾಪುರದ ನದಿ ಒಂದು ಕಾಲಕ್ಕೆ ನಾರುವ ಕಾಲುವೆಯಾಗಿತ್ತು. 1977ರಿಂದ 1987ರವರೆಗೆ, ಹತ್ತು ವರ್ಷ, ಅವರು ಅದನ್ನು ತೊಳೆದರು. ಆಮೇಲೆ, ತೊಂಬತ್ತರ ದಶಕದ ಕೊನೆಯ ಹೊತ್ತಿಗೆ, ಯಾರೂ ತಂದು ಬಿಡದೆ ತಾವಾಗಿಯೇ ನೀರುನಾಯಿಗಳು ಮರಳಿದವು; ನಮ್ಮ ತುಂಗೆಯಲ್ಲಿರುವ ಜಾತಿಯವೇ. ಇಂದು ಗಗನಚುಂಬಿ ಕಟ್ಟಡಗಳ ನೆರಳಿನಲ್ಲಿ ಅವು ಮರಿ ಸಾಕುತ್ತವೆ. ಇಂಗ್ಲೆಂಡಿನ ಹೊಳೆಗಳಲ್ಲೂ ಅಲ್ಲಿನ ನೀರುನಾಯಿಗಳು ಕೀಟನಾಶಕಗಳ ದೆಸೆಯಿಂದ ಬಹುಪಾಲು ಅಳಿದಿದ್ದವು; ಆ ವಿಷಗಳನ್ನು ತಡೆದ ಮೇಲೆ ಮೆಲ್ಲಮೆಲ್ಲನೆ ಹರಡಿ, 2011ರ ಹೊತ್ತಿಗೆ ಎಲ್ಲ ಕೌಂಟಿಗಳಲ್ಲೂ ಕಾಣಿಸಿಕೊಂಡವು. ಇದನ್ನು ಓದಿದಾಗ ಮೊದಲು ಸಂತೋಷವಾಯಿತು, ಆಮೇಲೆ ಒಂದು ಬಗೆಯ ಭಾರ ಎದೆಗೆ ಬಂತು. ತಿರುಗಿ ಬಾರದ್ದಕ್ಕೆ ಅತ್ತು ಸುಮ್ಮನಾಗಬಹುದು. ಬಾಗಿಲು ತೆರೆದರೆ ಬರುವಂಥದ್ದು ಹೊರಗೆ ಕಾಯುತ್ತಿರುವಾಗ ಅಳು ಮಾತ್ರ ಸಾಕಾಗುವುದಿಲ್ಲ. ಅಪ್ಪ ಹೇಳಿದ್ದು ನೆನಪಾಗುತ್ತದೆ: ಬಾಗಿಲು ನೀರಲ್ಲಿ ಇರುತ್ತದೆ. ನೀರು ಕೆಟ್ಟರೆ ಬಾಗಿಲೇ ಕೆಟ್ಟಂತೆ.

ಅಪ್ಪ ಹೋಗಿ ಈಗ ಕೆಲವು ವರ್ಷಗಳಾದವು. ಅಸ್ಥಿ ಬಿಡಲು ಕೂಡಲಿಗೆ ಹೋಗಿದ್ದೆವು. ಗಂಗಾಮೂಲದ ಒಂದೇ ಬೆಟ್ಟದಲ್ಲಿ ಹುಟ್ಟಿ, ಬೇರೆ ಬೇರೆ ಕಣಿವೆಗಳಲ್ಲಿ ಇಳಿದು, ಒಂದು ಶಿವಮೊಗ್ಗವನ್ನೂ ಒಂದು ಭದ್ರಾವತಿಯನ್ನೂ ಹಾದು ಬಂದ ಎರಡು ಹೊಳೆಗಳು ಅಲ್ಲಿ ತಮ್ಮ ತಮ್ಮ ಹೆಸರು ಬಿಟ್ಟು ಒಂದೇ ಹೆಸರು ಇಟ್ಟುಕೊಳ್ಳುತ್ತವೆ. ಸಂಗಮದ ಮೆಟ್ಟಿಲುಗಳ ಮೇಲೆ ನಿಂತು ನೋಡಿದರೆ ಸ್ವಲ್ಪ ದೂರದವರೆಗೆ ಎರಡು ನೀರಿನ ನಡುವೆ ಗೆರೆ ಕಾಣುವಂತಿತ್ತು, ಆಮೇಲೆ ಕಾಣಲಿಲ್ಲ. ಮಡಕೆಯ ಬಾಯಿ ಬಿಚ್ಚಿ ತಮ್ಮ ನೀರಿಗೆ ಬಗ್ಗಿದ. ಬೂದಿ ಒಂದು ಕ್ಷಣ ಮೇಲೆ ತೇಲಿ, ಬೆಳ್ಳಗೆ ಅಗಲವಾಗಿ, ಕರಗಿತು. ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತ ಮೈ ಅದು. ಬೆಂಕಿಗೆ ಒಪ್ಪಿಸಿ ಬಂದದ್ದನ್ನು ನೀರಿಗೆ ಕೊಟ್ಟದ್ದಾಯಿತು.

ಪುರೋಹಿತರು ದಕ್ಷಿಣೆ ಎಣಿಸುತ್ತಿದ್ದರು. ನಾನು ಕಾಲು ತೊಳೆಯಲು ಸ್ವಲ್ಪ ಕೆಳಗೆ, ಜನರಿಲ್ಲದ ಕಡೆ ಇಳಿದೆ. ಒದ್ದೆ ಮರಳಿನಲ್ಲಿ ಹೆಜ್ಜೆಗಳಿದ್ದವು. ಐದು ಬೆರಳು, ಬೆರಳುಗಳ ನಡುವೆ ಚರ್ಮದ ತೆಳುವಾದ ಗುರುತು, ಹಿಂದೆ ಬಾಲ ಎಳೆದ ಒಂದು ಗೆರೆ. ದೊಡ್ಡ ಹೆಜ್ಜೆಗಳ ಪಕ್ಕದಲ್ಲಿ ಸಣ್ಣವೂ ಇದ್ದವು. ನೀರಿಗೆ ಹತ್ತಿರದ ಹೆಜ್ಜೆಯಲ್ಲಿ ತಳದಿಂದ ನೀರು ಜಿನುಗಿ ತುಂಬಿಕೊಳ್ಳುತ್ತಿತ್ತು. ಅಂಚುಗಳು ಇನ್ನೂ ಕುಸಿದಿರಲಿಲ್ಲ. ತಮ್ಮನನ್ನು ಕರೆದೆ. ಅವನು ಬಂದು ನೋಡುವಷ್ಟರಲ್ಲಿ ಒಂದು ಸಣ್ಣ ಅಲೆ ಬಂದು ಹೋಗಿತ್ತು.

"ಎಲ್ಲಿ, ಅಕ್ಕ?" ಅಂದ.

ನಾನು ಬಗ್ಗಿ, ಮುಂದಿನ ಹೆಜ್ಜೆಯನ್ನು ಬೆರಳಿಟ್ಟು ತೋರಿಸಿದೆ.